ಬುಧವಾರದ ಫೈಲು

ಹೊಹೋಯೆ
ಜೂನ್ ೧೪, ಶನಿವಾರ

ಎಲಿಕೆಮ್,

ಹೆಸರಿನ ಹಿಂದೆ ಏನು ಹಾಕುವುದೆಂದು ತಿಳಿಯದೆ ಎರಡು ಹಾಳೆ ಹಾಳು ಮಾಡಿದೆ. ‘ಪ್ರೀತಿಯ’ ಅಂದರೆ ನಿನಗೆ ಜಂಬ ಬರುತ್ತದೆ. ‘ಮಾನ್ಯರೇ’ ಅಂದರೆ ಶಿಕ್ಷಣ ಕಚೇರಿಗೆ ಬರೆದ ಅರ್ಜಿಯಾಗುತ್ತದೆ. ಬರೀ ಹೆಸರೇ ಇರಲಿ.

ಕ್ಷೇಮ ಎಂದು ಶುರು ಮಾಡಬೇಕು. ನಾನೇನೂ ಕ್ಷೇಮವಾಗಿಲ್ಲ. ಕಾಯಿಲೆ ಕಸಾಲೆ ಇಲ್ಲ, ಸಾಕಾಗಿದೆ ಅಷ್ಟೇ. ಬೆಳಿಗ್ಗೆ ಏಳುವಾಗಲೇ ಸಂಜೆಯ ದಣಿವು ಇರುತ್ತದೆ. ತರಗತಿಯಲ್ಲಿ ಅರವತ್ತಕ್ಕೂ ಮೇಲೆ ಮಕ್ಕಳು, ಕಿಟಕಿಗೆ ಬಾಗಿಲಿಲ್ಲ, ಮಳೆಯ ಎರಚಲು ಹಿಂದಿನ ಬೆಂಚಿನ ತನಕ ಬರುತ್ತದೆ. ಮಕ್ಕಳನ್ನೆಲ್ಲ ಮುಂದಕ್ಕೆ ಒತ್ತರಿಸಿ ಕೂರಿಸಿದರೆ ನನಗೆ ನಿಲ್ಲಲು ಜಾಗವಿರುವುದಿಲ್ಲ. ಗೋಡೆಗೆ ಒರಗಿಕೊಂಡೇ ಪಾಠ ಮಾಡುತ್ತೇನೆ.

ಕೈಬರಹದ ಕಾಗದ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಟೈಪ್ ಮಾಡಿದ್ದನ್ನೆಲ್ಲ ಯಾರಾದರೊಬ್ಬರು ಕಾಪಿ ಮಾಡಿಯೇ ಮಾಡುತ್ತಾರೆ ಎಂಬುದನ್ನು ನಿನ್ನ ದಯೆಯಿಂದ ನಮ್ಮ ಇಡೀ ಜಿಲ್ಲೆ ಕಲಿತಿದೆ. ಇದು ನಿನಗೊಬ್ಬನಿಗೇ. ಮಾವುಯೆನಾಳ ಅಣ್ಣ ಶೇಂಗಾ ಮೂಟೆ ತರಲು ಲಾರಿ ತೆಗೆದುಕೊಂಡು ನಿಮ್ಮ ಕಡೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಅವನಿಗೆ ಒಂದು ಲೋಟ ನೀರಾದರೂ ಕೊಡು.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮೇಷ್ಟ್ರುಗಳು ಯಾವುದನ್ನೂ ಕೊನೆತನಕ ಓದುವುದಿಲ್ಲ ಎಂದು ಈಗ ಚೆನ್ನಾಗಿ ಗೊತ್ತಾಗಿದೆ. ಈ ತಿಂಗಳ ಕೊನೆಗೆ ವರ್ಗಾವಣೆಗೆ ಅರ್ಜಿ ಹಾಕುವ ಗಡುವು ಮುಗಿಯುತ್ತದೆ. ಗಂಡ ಹೆಂಡತಿ ಒಂದೇ ಕಡೆ ಇರಬೇಕೆಂದು ಕೇಳುವುದಾದರೆ ಇಬ್ಬರ ಸಹಿಯೂ ಬೇಕು. ಇನ್ನೊಂದು ವರ್ಷ ಹೀಗೆ ನನ್ನಿಂದಾಗದು. ಒಂದೋ ನಾವಿಬ್ಬರೂ ಒಂದೇ ಊರಲ್ಲಿರೋಣ, ಇಲ್ಲವೋ ಇದು ಮುಗಿಯಿತು ಎಂದು ಬಾಯಿಬಿಟ್ಟು ಹೇಳಿಕೊಳ್ಳೋಣ.

ಈಗ ನಡೆದದ್ದು ಕೇಳು.

ನಮ್ಮ ಪಾಠ ಟಿಪ್ಪಣಿಯ ಫೈಲು ಹೇಗೆ ಶುರುವಾಯಿತು ಎಂಬುದು ನಿನಗೆ ನೆನಪಿದೆಯೋ ಇಲ್ಲವೋ. ಮದುವೆಯಾದ ಹೊಸತು. ನೀನೂ ನಾನೂ ಬೇರೆ ಬೇರೆ ಶಾಲೆಯಲ್ಲಿ ಐದನೇ ತರಗತಿಯನ್ನೇ ತೆಗೆದುಕೊಳ್ಳುತ್ತಿದ್ದೆವು. ಒಬ್ಬ ಮೇಷ್ಟ್ರಿಗೆ ಅಷ್ಟೂ ವಿಷಯ, ಅಷ್ಟಕ್ಕೂ ವಾರವಾರ ಪಾಠ ಟಿಪ್ಪಣಿ, ಶುಕ್ರವಾರ ಹೆಡ್ ಮಾಸ್ಟರ ಸಹಿ. ಭಾನುವಾರ ಚರ್ಚಿನಿಂದ ಬಂದವರು ಬಟ್ಟೆ ಕೂಡ ಬದಲಿಸದೆ ಬರೆಯಲು ಕೂರುತ್ತಿದ್ದೆವು. ಒಂದು ದಿನ ನೀನು ಪೆನ್ನು ಎಸೆದುಬಿಟ್ಟೆ. “ಎನ್ಯೋ, ವಿಜ್ಞಾನ ನಾನ್ ಬರೀತೀನಿ, ಗಣಿತ ನೀನ್ ಬರಿ. ಇಬ್ರೂ ಎರಡನ್ನೂ ಯಾಕೆ ಬರೀಬೇಕು? ನಾವೇನ್ ಕತ್ತೆಗಳಾ?” ಎಂದೆ. ಅವತ್ತೇ ಫೋನಿನಲ್ಲಿ ಇಬ್ಬರೂ ತೆರೆಯಬಹುದಾದ ಫೈಲು ಮಾಡಿದೆವು. ಒಂದೇ ಬಟ್ಟಲಿನಲ್ಲಿ ಆಕ್‌ಪ್ಲೆ ಮುದ್ದೆ, ಬೆಂಡೆಕಾಯಿ ಸಾರು. ನೀನು ಬಲಗೈಯಲ್ಲಿ ಉಣ್ಣುತ್ತಾ ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೆ. ದೊಡ್ಡ ಮೀನಿನ ತುಂಡು ನನ್ನ ಕಡೆಗೆ ತಳ್ಳಿದ್ದು ನೆನಪಿದೆ.

ಆಮೇಲೆ ನಮ್ಮ ಪಕ್ಕದ ಶಾಲೆಯ ಮಾವುಯೆನಾ ಬಂದಳು, ಭಾಷೆಯ ಪಾಠ ಅವಳದು. ಅವಳ ಹಿಂದೆ ಅವಳ ಶಾಲೆಯವರು, ಅವರ ಹಿಂದೆ ಬೆಟ್ಟದ ಮೇಲಿನ ಶಾಲೆಯವರು. ನಲವತ್ತು ಜನರಾದರು. ಎಲ್ಲರೂ ತಮ್ಮ ಪಾಲಿನದನ್ನು ಬುಧವಾರ ಸಂಜೆಯೊಳಗೆ ಹಾಕಬೇಕು. ನಾನು ಸಾಲು ಸಾಲಾಗಿ ಓದಿ, ತಪ್ಪು ತಿದ್ದಿ, ಆಮೇಲೆ ವಾಟ್ಸಾಪ್ ಗುಂಪಿಗೆ ಬಿಡಬೇಕು. ಗುರುವಾರ ಅವರೆಲ್ಲ ಇಳಿಸಿಕೊಂಡು, ಕೆಲವರು ಪ್ರಿಂಟ್ ಹಾಕಿಸಿ, ಕೆಲವರು ಕೈಯಲ್ಲಿ ನಕಲು ಬರೆದು, ಶುಕ್ರವಾರ ಸಹಿಗೆ ಇಡುತ್ತಾರೆ. ಈ ಕೆಲಸಕ್ಕೆ ನನಗೆ ಯಾರೂ ಸಂಬಳ ಕೊಡುವುದಿಲ್ಲ. ಆದರೆ ನಲವತ್ತು ಮನೆಗಳಲ್ಲಿ ಭಾನುವಾರ ಅನ್ನುವುದು ಮತ್ತೆ ಬಂದಿದೆ ಎಂದು ಮಾವುಯೆನಾ ಹೇಳುತ್ತಿರುತ್ತಾಳೆ. ನಮ್ಮ ಮನೆಗೆ ಮಾತ್ರ ಬರಲಿಲ್ಲ, ಇರಲಿ ಬಿಡು.

ನೀನು ಹೆಡ್ ಮಾಸ್ಟರಾಗಿ ಉತ್ತರದ ಕಡೆಯ ಸಾಂಬೋರಿಗೆ ಹೊರಟಾಗ ಎರಡೇ ವರ್ಷ ಎಂದಿದ್ದೆ. ನಾನು ಒಪ್ಪಿದ್ದೆ, ಇಲ್ಲವೆನ್ನುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅಳಲೂ ಇಲ್ಲ. ವಿಜ್ಞಾನ ಮಾತ್ರ ಬಿಡಬೇಡ ಎಂದೆ, ನೀನೂ ಬಿಡಲಿಲ್ಲ. ನಿಮ್ಮ ಸಾಂಬೋರಿಯಲ್ಲಿ ಸಿಗ್ನಲ್ ಸಿಗುವುದು ಶಾಲೆಯ ಹಿಂದಿನ ಹುತ್ತದ ಮೇಲೆ ನಿಂತರೆ ಮಾತ್ರ ಎಂದು ನೀನು ಹೇಳಿದ್ದೆಯಲ್ಲ, ಪ್ರತಿ ಬುಧವಾರ ನೀನು ಟೈಪ್ ಮಾಡುವ ಜಾಗ ತೋರಿಸುವ, ನಿನ್ನ ಹೆಸರು ಹೊತ್ತ ನೇರಳೆ ಗೆರೆ ಪರದೆಯ ಮೇಲೆ ಬಂದಾಗ ಹುತ್ತದ ಮೇಲೆ ನಿಂತ ನಿನ್ನನ್ನೇ ನೋಡಿದ ಹಾಗಾಗುತ್ತಿತ್ತು. ಮಿಣುಕು ಮಿಣುಕು ಎನ್ನುತ್ತಾ ಒಂದೊಂದೇ ಅಕ್ಷರ ಬರುತ್ತಿತ್ತು.

ಹೋದ ಜುಲೈನಲ್ಲಿ ಮುಂದಿನ ವರ್ಷದ ಪಟ್ಟಿ ತೆರೆದಿಟ್ಟೆ. ಹೆಸರು, ಯಾವ ಊರು, ಯಾವ ವಿಷಯ. ನಿನ್ನ ಗೆರೆ ಬಂತು. ನಿನ್ನ ಹೆಸರಿನ ಮುಂದಿನ ಚೌಕದಲ್ಲಿ ನಿಂತಿತು. ಎರಡು ವರ್ಷ ಮುಗಿದಿತ್ತಲ್ಲ, ಹೊಹೋಯೆ ಎಂದು ಬರೆಯುತ್ತಾನೆ ಎಂದು ಕಾದೆ. ‘ಸಾಂಬೋರಿ’ ಎಂದು ಬಂತು. ತಪ್ಪಿ ಹಳೆಯದನ್ನೇ ಬರೆದಿದ್ದಾನೆ, ಈಗ ಅಳಿಸುತ್ತಾನೆ ಎಂದುಕೊಂಡೆ. ಗೆರೆ ಮುಂದಿನ ಚೌಕಕ್ಕೆ ಹೋಯಿತು, ‘ವಿಜ್ಞಾನ’ ಎಂದು ಬರೆದು ಮಾಯವಾಯಿತು.

ಫೋನ್ ಮಾಡಿ ಕೇಳಿದರೆ ಏನಂದೆ? “ಹೇಳೋಣ ಅಂತಿದ್ದೆ ಎನ್ಯೋ. ಇಲ್ಲಿ ಇಬ್ಬರು ಮೇಷ್ಟ್ರು ಬಿಟ್ಟು ಹೋದ್ರು, ನಾನೂ ಹೋದ್ರೆ ಶಾಲೆ ಮುಚ್ಚತ್ತೆ. ಇನ್ನೊಂದೇ ವರ್ಷ.” ನಾನು, “ಹೆಂಡ್ತಿಗಿಂತ ಮುಂಚೆ ಫೈಲಿಗೆ ಹೇಳಿದ್ಯಲ್ಲ, ಇನ್ಮೇಲೆ ಅದರ ಜೊತೆನೇ ಮಾತಾಡು” ಎಂದು ಫೋನ್ ಇಟ್ಟೆ. ಅದೇ ಕೊನೆ. ನೀನು ಉಳಿದದ್ದಕ್ಕೆ ನನಗೆ ಕೋಪವಿಲ್ಲ, ಕೇಳು. ನನ್ನನ್ನು ಒಂದು ಮಾತು ಕೇಳಿದ್ದರೆ ನಾನೇ ಇರು ಎನ್ನುತ್ತಿದ್ದೆನೋ ಏನೋ. ನಲವತ್ತು ಜನ ಓದುವ ಪಟ್ಟಿಯಲ್ಲಿ ನಾನೂ ಒಬ್ಬಳಾಗಿ ಓದಿದೆನಲ್ಲ, ಕೋಪ ಅದಕ್ಕೆ.

ನಿನ್ನ ಫೋನು ಎತ್ತುವುದನ್ನು ನಿಲ್ಲಿಸಿದ ಮೇಲೆ ನೀನು ಫೈಲಿನ ಅಂಚಿನಲ್ಲಿ ಕಾಮೆಂಟು ಹಾಕಲು ಶುರು ಮಾಡಿದೆ. ‘ಮಳೆ ಬಂತಾ?’ ‘ಸೂರು ಸೋರುತ್ತಾ?’ ಒಂದು ಸಲ ಬರೀ ‘ಎನ್ಯೋ’. ಅಂಚಿನ ಕಾಮೆಂಟಿಗೆ ‘ಬಗೆಹರಿದಿದೆ’ ಎಂದು ಗುರುತು ಒತ್ತಿದರೆ ಅದು ಕಾಣೆಯಾಗುತ್ತದೆ. ನಾನು ಪ್ರತಿ ವಾರ ಒತ್ತಿದೆ. ಏನೂ ಬಗೆಹರಿದಿರಲಿಲ್ಲ, ಆದರೂ ಒತ್ತಿದೆ. ಗುಂಪಿಗೆ ಬಿಡುವ ಮೊದಲು ಫೈಲು ಚೊಕ್ಕಟವಾಗಿರಬೇಕಲ್ಲ.

ಇಷ್ಟೆಲ್ಲ ಆಗಿಯೂ ಹೋದ ತಿಂಗಳು ನೀನು ಮಾಡಿದ ಘನಂದಾರಿ ಕೆಲಸ ಏನು? ಅಂಚಿಗೆ ಹಾಕಬೇಕಾದದ್ದನ್ನು ಪಾಠದ ಹೊಟ್ಟೆಯೊಳಗೇ ಹಾಕಿದೆ. ನೀರು ಆವಿಯಾಗುವ ಪಾಠ. ಮೊದಲ ಹಂತ, ಮಕ್ಕಳಿಗೆ ಕೇಳುವ ಪ್ರಶ್ನೆಗಳು. ‘ಕುದಿಯುವ ಪಾತ್ರೆಯ ಮುಚ್ಚಳ ತೆಗೆದರೆ ಏನು ಕಾಣುತ್ತದೆ?’ ಅದರ ಕೆಳಗೆ, ‘ಎನ್ಯೋ, ಊಟ ಮಾಡಿದ್ಯಾ? ಬೆನ್ನು ನೋವು ಹೇಗಿದೆ? ಇನ್ನೂ ಕೋಪಾನಾ?’ ಅದರ ಕೆಳಗೆ, ‘ಒದ್ದೆ ಬಟ್ಟೆ ಬಿಸಿಲಿನಲ್ಲಿ ಏಕೆ ಒಣಗುತ್ತದೆ?’

ಆ ಬುಧವಾರ ನಮ್ಮಲ್ಲಿ ಕರೆಂಟು ಹೋಯಿತು. ಫೋನಿನಲ್ಲೂ ಚಾರ್ಜು ಇರಲಿಲ್ಲ. ಓದದೆ ಹಾಗೇ ಗುಂಪಿಗೆ ಬಿಟ್ಟೆ. ನೀನು ಹುತ್ತದ ಮೇಲೆ ನಿಂತು ಕಣ್ಣು ಬಿಟ್ಟು ಟೈಪ್ ಮಾಡಿದ್ದರೆ ಇಷ್ಟು ರಾಮಾಯಣ ಆಗುತ್ತಲೇ ಇರಲಿಲ್ಲ.

ಒಬ್ಬರಾದರೂ ಓದಬೇಕಲ್ಲ! ಗುರುವಾರ ಎಲ್ಲರೂ ಇಳಿಸಿಕೊಂಡರು, ಶುಕ್ರವಾರ ಎಲ್ಲ ಹೆಡ್ ಮಾಸ್ಟರುಗಳೂ ಕಣ್ಣು ಮುಚ್ಚಿಕೊಂಡು ಸಹಿ ಹಾಕಿ ಮುದ್ರೆ ಒತ್ತಿದರು. ಒಬ್ಬರು ನಿನ್ನ ಸಾಲಿನ ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ‘ಉತ್ತಮ, ಮುಂದುವರಿಸಿ’ ಎಂದು ಬರೆದಿದ್ದಾರೆ. ಬೆಟ್ಟದ ಶಾಲೆಗೆ ಹೊಸದಾಗಿ ಸೇರಿದ ಟೀಚರೊಬ್ಬಳು ಎನ್ಯೋ ಎಂಬುದನ್ನು ಅಳಿಸಿ ತನ್ನ ತರಗತಿಯ ಮಗುವಿನ ಹೆಸರು ಹಾಕಿದ್ದಾಳೆ. ಇನ್ನೊಬ್ಬಳು ‘ಮಕ್ಕಳಿಂದ ನಿರೀಕ್ಷಿಸುವ ಉತ್ತರ: ಇಲ್ಲ ಮೇಡಂ, ಕೋಪವಿಲ್ಲ’ ಎಂದು ತಾನೇ ಸೇರಿಸಿದ್ದಾಳೆ. ನಿನ್ನ ಹೆಂಡತಿಯ ಪರವಾಗಿ ಉತ್ತರ ಕೊಡಲು ಅವಳಿಗೆ ಅಧಿಕಾರ ಕೊಟ್ಟವರು ಯಾರೋ!

ಮಾವುಯೆನಾ ವಾರದ ಮೇಲೆ ನೋಡಿದಳು. ಊಟದ ಬಿಡುವಿನಲ್ಲಿ ನನ್ನ ತರಗತಿಗೆ ಓಡಿಬಂದು, ಹೊಟ್ಟೆ ಹಿಡಿದುಕೊಂಡು ನಗುತ್ತಾ, “ಅಕ್ಕಾ, ನಿನ್ ಗಂಡ ಇಡೀ ಜಿಲ್ಲೆಗೆ ಊಟ ಆಯ್ತಾ ಅಂತ ಕೇಳ್ಬಿಟ್ಟಿದ್ದಾನೆ ಕಣೇ! ಎಲ್ಲಾ ಕಡೆ ನಿನ್ ಬೆನ್ನುನೋವಿನ ಪಾಠ ನಡೀತಾ ಇದೆ” ಎಂದಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ಮೇಲ್ವಿಚಾರಕಿ ಅಬ್ರಾಫಿ ಮೇಡಂ ಮಾತ್ರ ಓದುತ್ತಾರೆ. ಅವರೊಬ್ಬರೇ. ಏಳು ಶಾಲೆಯಲ್ಲಿ ಅದೇ ಸಾಲು ಸಿಕ್ಕಿತಂತೆ. ಮೊನ್ನೆ ಗುರುವಾರ ಎಲ್ಲರನ್ನೂ ಚರ್ಚಿನ ಸಭಾಂಗಣಕ್ಕೆ ಕರೆಸಿದರು. ಹೊರಗೆ ಮಳೆ, ಒಳಗೆ ತಗಡಿನ ಸದ್ದು. ಒದ್ದೆ ಚಪ್ಪಲಿ ಕಳಚಿಟ್ಟು ನಲವತ್ತು ಜನವೂ ಶಾಲೆಗೆ ತಡವಾಗಿ ಬಂದ ಮಕ್ಕಳ ಹಾಗೆ ಕೂತೆವು.

ಮೇಡಂ ಎದ್ದು ನಿಂತು, ಕನ್ನಡಕ ಏರಿಸಿ, ನಿನ್ನ ಸಾಲನ್ನು ಗಟ್ಟಿಯಾಗಿ ಓದಿದರು. ಯಾರೋ ಹಿಂದೆ ಕೆಮ್ಮಿದರು, ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತು. “ನಗು ಬರತ್ತಾ? ಬರ್ಲಿ. ನೀವು ಏನ್ ಪಾಠ ಮಾಡ್ತೀರಿ ಅಂತ ನಿಮಗೇ ಗೊತ್ತಿಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಸೋಮವಾರದಿಂದ ಆ ಫೈಲು ಬಂದ್. ಅವರವರ ಟಿಪ್ಪಣಿ ಅವರವರೇ ಬರೀರಿ, ಕೈಯಲ್ಲಿ” ಎಂದರು.

ಎಲಿಕೆಮ್, ಆಗ ಎಲ್ಲರೂ ನನ್ನ ಕಡೆ ತಿರುಗಿದ್ದು ನೀನು ನೋಡಬೇಕಿತ್ತು. ಬೈಗುಳವಿಲ್ಲ, ಏನಿಲ್ಲ. ಬರೀ ಸುಸ್ತಾದ ಮುಖಗಳು. ಮೊಲೆಗೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದವಳೊಬ್ಬಳು ಕಣ್ಣು ಮುಚ್ಚಿಕೊಂಡಳು. ಅವಳ ಭಾನುವಾರ ಹೋಯಿತು ಎಂದು ನನಗೆ ತಿಳಿಯಿತು. ನಮ್ಮಿಬ್ಬರ ಜಗಳಕ್ಕೆ ಅವಳೇನು ಮಾಡಿದ್ದಳು?

ಆಗ ಡೊಗ್ಬಾಟ್ಸೆ ಮೇಷ್ಟ್ರು ಎದ್ದರು. ನಿನಗೆ ಗೊತ್ತಲ್ಲ, ಫೋನು ಮುಟ್ಟದ ಮುದುಕ. ಮಾವುಯೆನಾ ಪ್ರಿಂಟ್ ಕೊಟ್ಟರೆ ಅದನ್ನು ಬೈದುಕೊಂಡೇ ಕೈಯಲ್ಲಿ ನಕಲು ಮಾಡುವ ಆಸಾಮಿ. ಕರೆಯದೆ ಎದ್ದು ಮಾತಾಡುವ ಅಭ್ಯಾಸ ಇನ್ನೂ ಹೋಗಿಲ್ಲ.

“ಮೇಡಂ, ನಾನ್ ಓದಿದ್ದೆ” ಎಂದರು. “ಯಾರೋ ಮನೆ ಮಾತು ತಪ್ಪಿ ಇಲ್ಲಿಗೆ ಬಂದಿದೆ ಅಂತ ಗೊತ್ತಾಯ್ತು. ಆದ್ರೂ ಬರ್ಕೊಂಡೆ.”

“ಯಾಕೆ?” ಎಂದರು ಮೇಡಂ.

“ಪ್ರಶ್ನೆ ಚೆನ್ನಾಗಿತ್ತು. ಇಷ್ಟು ವರ್ಷ ಪಾಠ ಮಾಡಿದ್ದೀನಿ, ಮಕ್ಕಳನ್ನ ಊಟ ಆಯ್ತಾ ಅಂತ ಕೇಳಿರ್ಲಿಲ್ಲ. ಕೇಳಿ ನೋಡೋಣ ಅಂತ ಕೇಳ್ದೆ. ಮುಂದಿನ ಬೆಂಚಿನ ಹುಡುಗಿ ಇಲ್ಲ ಅಂದ್ಲು. ಅವಳು ಅಂದ್ಮೇಲೆ ಧೈರ್ಯ ಬಂದು ಅರ್ಧ ಕ್ಲಾಸು ಇಲ್ಲ ಅಂತು. ಇನ್ನೇನ್ ಆವಿ ಪಾಠ ಮಾಡ್ಲಿ? ಗೇಟಿನ ಹತ್ರ ಹುಳಿ ಗಂಜಿ ಮಾರೋಳನ್ನ ಒಳಗೆ ಕರ್ದೆ. ಅವಳ ಪಾತ್ರೆ ಮುಚ್ಚಳ ತೆಗ್ದಾಗ ಹಬೆ ಎದ್ತು, ಆವಿ ಅಂದ್ರೆ ಇದೇ ಕಣ್ರೋ ಅಂದೆ. ಪಾಠನೂ ಆಯ್ತು. ನೀವು ಫೈಲು ಬಂದ್ ಮಾಡ್ತೀರೋ ಬಿಡ್ತೀರೋ, ನಾನಂತೂ ಆ ಪ್ರಶ್ನೆ ಬಿಡಲ್ಲ. ಬರೆದೋನು ಯಾರೋ ಗೊತ್ತಿಲ್ಲ, ಬಡ್ಡಿಮಗ ಹೆಂಡ್ತೀನ ಚೆನ್ನಾಗಿ ವಿಚಾರಿಸ್ಕೊಂಡಿದ್ದಾನೆ.”

ಎಲ್ಲರೂ ಗೊಳ್ಳೆಂದು ನಕ್ಕರು. ನಾನೊಬ್ಬಳೇ ತಲೆ ತಗ್ಗಿಸಿ ನನ್ನ ಒದ್ದೆ ಕಾಲು ನೋಡುತ್ತಿದ್ದೆ. ಮೇಡಂ ನಗಲಿಲ್ಲ, ಆದರೆ ಕೂತರು. ಕೂತು ಸ್ವಲ್ಪ ಹೊತ್ತು ಹಣೆ ಒತ್ತಿಕೊಂಡರು. ಅವರಿಗೂ ಸಾಕಾಗಿದೆ ಎಂದು ಆಗ ನೋಡಿದೆ.

“ಎನ್ಯೋ ಅಂದ್ರೆ ಯಾರು?” ಎಂದು ಕೇಳಿದರು. ಮಾವುಯೆನಾ ನನ್ನ ತೋಳು ಹಿಡಿದೆಳೆದರೂ ನಾನು ಎದ್ದೆ.

“ನಾನು ಮೇಡಂ.”

“ಫೈಲು ನೋಡ್ಕೊಳ್ಳೋದೂ ನೀನೇನಾ? ಪ್ರತಿ ಸಾಲು ಓದಿ ಬಿಡ್ತೀಯಂತಲ್ಲ. ಇದು ಹ್ಯಾಗೆ ತಪ್ಪಿ ಹೋಯ್ತು?”

“ಅವತ್ತು ಕರೆಂಟು ಹೋಗಿತ್ತು ಮೇಡಂ.”

“ಎಲ್ಲರಿಗೂ ಕರೆಂಟೇ ಹೋಗತ್ತೆ” ಎಂದರು. ಆಮೇಲೆ ತೀರ್ಪು ಕೊಟ್ಟರು. ಫೈಲು ಇರಲಿ. ಇನ್ನು ಮುಂದೆ ಯಾರೂ ಹಾಗೇ ನುಂಗಬಾರದು, ತನ್ನ ತರಗತಿಗೆ ಬೇಕಾದಂತೆ ಒಂದು ಪ್ರಶ್ನೆಯಾದರೂ ತಾನೇ ಬದಲಿಸಿ ಬರೆಯಬೇಕು. ಅದನ್ನು ಅವರು ಹುಡುಕಿ ನೋಡುತ್ತಾರೆ. ಮೊಲೆಗೂಸಿನ ತಾಯಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಸಭೆ ಮುಗಿದ ಮೇಲೆ ಮಳೆ ನಿಲ್ಲಲೆಂದು ಜಗಲಿಯಲ್ಲಿ ನಿಂತಿದ್ದೆ. ಅಬ್ರಾಫಿ ಮೇಡಂ ಪಕ್ಕಕ್ಕೆ ಬಂದು ನಿಂತರು. ನೀರಿನ ಪೊಟ್ಟಣದ ಮೂಲೆ ಹಲ್ಲಿನಲ್ಲಿ ಕಚ್ಚಿ ಹರಿದು ಕುಡಿದರು. “ಉತ್ತರ ಕೊಟ್ಯಾ ಅವನಿಗೆ?” ಎಂದು ಕೇಳಿದರು. ಇಲ್ಲ ಎಂದೆ. “ಕೊಡು. ಆದ್ರೆ ಸರ್ಕಾರಿ ಟಿಪ್ಪಣೀಲಿ ಅಲ್ಲ, ಮಾರಾಯ್ತಿ” ಎಂದರು. ಆಮೇಲೆ, ನಾನು ಕೇಳದೆಯೇ ಹೇಳಿದರು: “ನನ್ ಗಂಡ ಟಮಾಲೆಲಿದ್ದ, ನಾನ್ ಇಲ್ಲಿ. ಬಡ್ತಿ ಬರ್ಲಿ, ಆಮೇಲೆ ಒಟ್ಟಿಗಿರೋಣ ಅಂತ ಕಾದ್ವಿ. ಬಡ್ತಿ ಬಂತು.” ಅಷ್ಟೇ ಹೇಳಿ ಮಳೆಯಲ್ಲೇ ಇಳಿದು ಹೋದರು.

ಮನೆಗೆ ಬಂದು ಬಹಳ ಹೊತ್ತು ದೀಪ ಹಾಕದೆ ಕೂತೆ. ಒಬ್ಬಳಿಗಾಗಿ ಅಡುಗೆ ಮಾಡುವುದು ಬೇಸರ ಎಂದು ಮರಗೆಣಸಿನ ಗಾರಿ ಹಿಟ್ಟಿಗೆ ನೀರು ಸಕ್ಕರೆ ಕಲಸಿ ತಿನ್ನುವುದೇ ಅಭ್ಯಾಸವಾಗಿದೆ. ಅವತ್ತು ಅದೂ ಬೇಡವೆನಿಸಿತು. ನೀನಿಲ್ಲದೆ ಬದುಕಲು ನನಗೆ ಬರುತ್ತದೆ, ಎಲಿಕೆಮ್. ಅದನ್ನು ಕಲಿತಿದ್ದೇನೆ, ಚೆನ್ನಾಗಿಯೇ ಕಲಿತಿದ್ದೇನೆ. ಆದರೆ ಈ ಕಲಿಕೆ ನನಗೆ ಬೇಡ.

ಈಗ ನಾನು ಹೇಳುವುದನ್ನು ಸರಿಯಾಗಿ ಓದು. ಅರ್ಜಿಯ ಮೇಲೆ ನನ್ನ ಸಹಿ ಹಾಕಿ ಇದರ ಜೊತೆಗೇ ಕಳಿಸಿದ್ದೇನೆ. ಯಾವ ಊರಿಗೆ ಎಂಬ ಜಾಗ ಖಾಲಿ ಇದೆ. ಮುಂದಿನ ವರ್ಷದ ಪಟ್ಟಿಯನ್ನು ಫೈಲಿನಲ್ಲಿ ತೆರೆದಿಟ್ಟಿದ್ದೇನೆ. ಅಲ್ಲಿ ನಿನ್ನ ಹೆಸರಿನ ಮುಂದೆಯೂ ನನ್ನ ಹೆಸರಿನ ಮುಂದೆಯೂ ಊರಿನ ಚೌಕ ಖಾಲಿ. ಈ ಸಲ ನಿನ್ನದನ್ನು ಆಮೇಲೆ ತುಂಬು. ಮೊದಲು ನನ್ನ ಚೌಕದಲ್ಲಿ ಬರೆ. ಹೊಹೋಯೆ ಎಂದು ಬರೆದರೆ ನೀನು ಬರುತ್ತೀಯ ಎಂದುಕೊಳ್ಳುತ್ತೇನೆ. ಸಾಂಬೋರಿ ಎಂದು ಬರೆದರೆ ನಾನು ಬರುತ್ತೇನೆ. ಹೌದು, ಬರುತ್ತೇನೆ. ಇಬ್ಬರು ಮೇಷ್ಟ್ರು ಬಿಟ್ಟು ಹೋದ ಶಾಲೆಗೆ ಒಬ್ಬಳು ಮೇಡಂ ಬಂದರೆ ಬೇಡವೆನ್ನುವವರು ಯಾರು? ನನಗೆ ಬೇಕಾದದ್ದು ನೀನು ಕೇಳುವುದು, ಅಷ್ಟೇ.

ಏನೂ ಬರೆಯದಿದ್ದರೆ ಅದೂ ಉತ್ತರವೇ. ಫೈಲು ನಿಲ್ಲುವುದಿಲ್ಲ, ವಿಜ್ಞಾನ ಬರೆಯಲು ಬೇರೆಯವರನ್ನು ನೋಡಿಕೊಳ್ಳುತ್ತೇನೆ. ಬುಧವಾರ ಸಂಜೆ ನೋಡುತ್ತೇನೆ. ಊರಿನ ಹೆಸರೊಂದೇ ಬರೆ, ಇನ್ನೊಂದು ಅಕ್ಷರ ಸೇರಿಸಬೇಡ. ನಲವತ್ತು ಜನ ಕಾಪಿ ಮಾಡುತ್ತಾರೆ.

ಬೆನ್ನು ನೋವು ಹಾಗೇ ಇದೆ. ಕೋಪ ಸುಮಾರಾಗಿ ಇಳಿದಿದೆ, ಪೂರ್ತಿ ಇಲ್ಲ.

ಇನ್ನೂ ನಿನ್ನ ಹೆಂಡತಿಯೇ ಆದ
ಎನ್ಯೋನಾಮ್

ಇದೊಂದು ಉಳಿಯಿತು: ಮೇಡಂಗೆ ಹೇಳಿದ್ದನ್ನೇ ಮೇಲೆ ನಿನಗೂ ಹೇಳಿದ್ದೇನೆ, ಹರಿದು ಹೊಸ ಹಾಳೆಯಲ್ಲಿ ಬರೆಯಲು ಕೈ ಸೋತಿದೆ. ಆ ಬುಧವಾರ ಕರೆಂಟು ಹೋಗಿರಲಿಲ್ಲ. ನೀನು ಬರೆಯುವಾಗ ನಾನು ಫೈಲು ತೆರೆದುಕೊಂಡೇ ಕೂತಿದ್ದೆ, ಒಂದೊಂದೇ ಅಕ್ಷರ ಬರುವುದನ್ನು ನೋಡಿದೆ. ಅಳಿಸಬೇಕೆಂದು ಬೆರಳಿಟ್ಟೆ. ನನ್ನನ್ನು ಯಾರಾದರೂ ಊಟ ಆಯಿತಾ ಎಂದು ಕೇಳಿ ಬಹಳ ದಿನವಾಗಿತ್ತು, ಹಾಗೇ ಬಿಟ್ಟೆ.